ಕೌದಿಯಡಿಯ ಫೋನು

ಹಣಮವ್ವಾ, ಅವತ್ತು ಶೆಡ್ಡಿಗೆ ಬೆಂಕಿ ಬಿದ್ದದ್ದು ನಿನ್ನಿಂದಲ್ಲ, ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತಡ ಮಾಡಿದರೆ ನಾಲಿಗೆ ಮತ್ತೆ ಹೊರಳೀತು — ನನ್ನ ನಾಲಿಗೆಯನ್ನು ನಾನು ಬಲ್ಲೆ.

ಈ ತೆಲುಗು ಸೀಮೆಯ ಉಪ್ಪಲ್ಲಿನ ಆ ಕಟ್ಟಡದ ಕೆಲಸಕ್ಕೆ ನಾವೆಲ್ಲ ಯಾದಗಿರಿ ಕಡೆಯಿಂದ ಬಂದವರು. ನೀವು ಬೆಳಿಗ್ಗೆ ಇಟ್ಟಿಗೆ ಹೊರಲು ಹೋದರೆ ಶೆಡ್ಡಿನಲ್ಲಿ ಉಳಿಯುವವಳು ಅಡುಗೆಯ ನಾನೊಬ್ಬಳೇ. ಎಲ್ಲರ ಫೋನೂ ನನ್ನ ವಶ. ಇದ್ದೊಂದು ಕರೆಂಟಿನ ಬೋರ್ಡಿನಲ್ಲಿ ಸರದಿಯ ಮೇಲೆ ಚಾರ್ಜಿಗೆ ಹಚ್ಚಿ, ಹಾದುಹೋಗುವವರ ಕಣ್ಣಿಗೆ ಬೀಳದಿರಲೆಂದು ಮೇಲೆ ಕೌದಿ ಹೊದಿಸುತ್ತಿದ್ದೆ. ಕಳ್ಳರ ಭಯವಿತ್ತು, ಬಿಸಿಯ ಭಯ ನನಗೇನು ಗೊತ್ತು — ಇಲ್ಲ, ಈ ಮಾತು ಬೇಡ. ಫೋನುಗಳು ಹಂಚಿನಿಂದ ತೆಗೆದ ರೊಟ್ಟಿಯಂತೆ ಸುಡುತ್ತಿದ್ದುದು ನನ್ನ ಕೈಗೆ ಗೊತ್ತಿತ್ತು.

ಅವತ್ತು ಫೋನು ಕೊಡುತ್ತ ನೀನು ಹೇಳಿದೆ: “ಅಕ್ಕಾ, ಇದನ್ನ ಚಾರ್ಜಿಗೆ ಹಚ್ಚಬ್ಯಾಡ್ರಿ. ಬ್ಯಾಟ್ರಿ ಉಬ್ಬೈತಿ, ಹಿಂದಿನ ಮುಚ್ಚಳ ಕೂಡವಲ್ದು. ಐತಾರ ಅಬಿಡ್ಸ್ ಪ್ಯಾಟಿಗೆ ಹೋಗಿ ಹೊಸಾದು ಹಾಕಿಸ್ತೀನಿ. ಸುಮ್ನ ಎತ್ತಿಡ್ರಿ.”

ಹ್ಞೂಂ ಅಂದೆ. ಆದರೆ ನಿನ್ನ ಫೋನಿನಲ್ಲಿ ತತ್ವಪದಗಳಿದ್ದವು, ನಮ್ಮ ಕಡೆಯ ದನಿಯವು. ಹಗಲೆಲ್ಲ ನನ್ನ ಜೊತೆ ಕನ್ನಡ ಆಡಲು ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಮಧ್ಯಾಹ್ನ ಹಾಡು ಹಚ್ಚಿ ಕೂತೆ. ನಡುವೆಯೇ ಫೋನು ಆರಿಹೋಯಿತು. ತುಸು ಹೊತ್ತು ಚಾರ್ಜಿಗೆ ಹಚ್ಚಿದರೆ ಏನಾದೀತು ಎಂದು — ಹಚ್ಚಿ, ಕೌದಿ ಎಳೆದು, ಟ್ಯಾಂಕರಿನ ನೀರಿಗೆ ಹೋದೆ. ಬರುವಷ್ಟರಲ್ಲಿ ಕೌದಿ ಉರಿಯುತ್ತಿತ್ತು. ಜೀವಕ್ಕೇನೂ ಆಗಲಿಲ್ಲ, ಆದರೆ ಎಲ್ಲರ ಫೋನು, ಬಟ್ಟೆಬರೆ ಸುಟ್ಟುಹೋದವು.

ನಿನ್ನ ಫೋನು ಉಬ್ಬಿದ್ದನ್ನು ಎಲ್ಲರೂ ನೋಡಿದ್ದರು. “ಅಂಥಾದ್ದನ್ನ ಯಾಕ ಕೊಟ್ಟಿ?” ಎಂದು ಮೇಸ್ತ್ರಿ ನಿನ್ನ ಮೇಲೆ ಏರಿಹೋದ. ನೀನು ನನ್ನ ಕಡೆ ತಿರುಗಿದೆ.

“ಹಚ್ಚಬ್ಯಾಡ್ರಿ ಅಂತ ಹೇಳಿದ್ನಲ್ರಿ, ಅಕ್ಕಾ?”

“ನನಗ ಯಾರೂ ಏನೂ ಹೇಳಿಲ್ಲ,” ಅಂದೆ.

ನಿನ್ನನ್ನು ಕೆಲಸದಿಂದ ಬಿಡಿಸಿದರು. ನಮ್ಮ ಕಡೆಯ ಬೇರೆ ಮೇಸ್ತ್ರಿಗಳೂ ‘ಬೆಂಕಿ ಹಚ್ಚಿದಾಕಿ’ ಅಂತ ಹೇಳಿ ನಿನ್ನನ್ನು ಕೆಲಸಕ್ಕೆ ಕರೆಯದೇ ಹೋದರು. ಆ ಶೆಡ್ಡಿನಲ್ಲಿ ‘ಉಂಡ್ರೇನ್ರಿ ಅಕ್ಕಾ’ ಎಂದು ನನ್ನನ್ನು ಕೇಳುತ್ತಿದ್ದವಳು ನೀನೊಬ್ಬಳೇ. ನೀನು ಹೋದ ಮೇಲೆ ಊರಿಗೆಲ್ಲ ಬಡಿಸಿ ನಾನು ಗೋಡೆ ನೋಡುತ್ತ ಉಂಡೆ. ಈಗಲೂ ಹಾಗೇ ಉಣ್ಣುತ್ತೇನೆ. ನನ್ನ ಫೋನನ್ನು ಬರಿಯ ಬಂಡೆಯ ಮೇಲಿಟ್ಟು, ಚಾರ್ಜ್ ಆಗುವವರೆಗೂ ಎದುರಿಗೇ ಕೂತಿರುತ್ತೇನೆ. ಅದಕ್ಕೆ ಯಾರ ಕರೆಯೂ ಬರುವುದಿಲ್ಲ.

ಮೊನ್ನೆ ಉಪ್ಪಲ್ ಬಸ್ ನಿಲ್ದಾಣದಲ್ಲಿ ನೀನೇ ನನ್ನನ್ನು ಕಂಡು ಓಡಿಬಂದೆ. ನಾನು ತಲೆ ತಗ್ಗಿಸಿದ್ದು ನೋಡಿ ನನ್ನ ಕೈ ಹಿಡಿದುಕೊಂಡೆ. “ಹೋಗ್ಲಿ ಬಿಡ್ರಿ ಅಕ್ಕಾ. ಕೆಲಸದ ಗಡಿಬಿಡಿ, ನೀವು ಮರ್ತಿದ್ರಿ. ನಾನ ಇನ್ನೊಂದು ಸಲ ಗಟ್ಟಿಸಿ ಹೇಳಬೇಕಿತ್ತು.”

ಇಷ್ಟು ವರ್ಷ ನನ್ನ ತಪ್ಪನ್ನು ನಿನ್ನದೆಂದು ಹೊತ್ತು ತಿರುಗಿದ್ದೀಯ! ನಾನು — ಆಗಲೂ — ಹೌದೆಂದು ತಲೆಯಾಡಿಸಿ ಬಸ್ಸು ಹತ್ತಿದೆ.

ಸ್ಟೇಡಿಯಮ್ಮಿನ ಹಿಂದಿನ ಗಲ್ಲಿಯಲ್ಲಿ ಮನೆ ಅಂದೆಯಲ್ಲ, ಬರುತ್ತೇನೆ. ನೀನು ಬಾಗಿಲು ಹಾಕಿಕೊಂಡರೂ ಹೊರಗೆ ನಿಂತು, ನಿನ್ನ ನೆರೆಯವರಿಗೆಲ್ಲ ಕೇಳುವಂತೆ ಹೇಳುತ್ತೇನೆ — ಹಣಮವ್ವಾ, ನಾನು ಮರೆತಿರಲಿಲ್ಲ.