ಡೊಮಿನಿಕಾದಿಂದ ಬರುವ ದಾರಿ

ಪರದೆಯ ಮೇಲೆ ಮೊದಲು ಬಂದದ್ದು ಕಪ್ಪು ಮರಳಿನ ದಂಡೆ. ಹಿಂದೆ ಗುಡ್ಡ, ಗುಡ್ಡವನ್ನು ಅರ್ಧ ನುಂಗಿದ ಮೋಡ. ನನಗೆ ಆ ಮರಳು ಹಿಡಿಸಲಿಲ್ಲ.

ನಾವಿದ್ದ ದುಬೈ ಸಿಲಿಕಾನ್ ಓಯಸಿಸ್‌ನ ಕಟ್ಟಡದ ಕೆಳಗಿನ ಹಾಲ್‌ನಲ್ಲಿ, ಒಂದು ಶುಕ್ರವಾರ ಸಂಜೆ, ಟ್ರಾವೆಲ್ ಕಂಪನಿಯ ಹುಡುಗಿಯೊಬ್ಬಳು ಡೊಮಿನಿಕಾ ಎಂಬ ಕೆರಿಬಿಯನ್ ದ್ವೀಪವನ್ನು ಪರಿಚಯಿಸುತ್ತಿದ್ದಳು. ಹನ್ನೆರಡನೇ ತರಗತಿ ಮುಗಿಸಿ, ಕಾಲೇಜಿಗೆ ಸೇರುವ ಮೊದಲು ವರ್ಷವಿಡೀ ಬಿಡುವು ಬಯಸುವ ಮಕ್ಕಳಿಗಾಗಿ ಆ ಸಭೆ. ಗ್ಯಾಪ್ ಇಯರ್ ಎಂಬ ಮಾತನ್ನು ನಾನು ಕೇಳಿದ್ದೇ ಮಗಳ ಬಾಯಿಂದ. ಅವಳಿಗೆ ಅಲ್ಲಿಗೆ ಹೋಗಿ ಕಡಲಾಮೆಗಳ ಮೊಟ್ಟೆ ಕಾಯಬೇಕಿತ್ತು. ನಮ್ಮ ಪಾಸ್‌ಪೋರ್ಟಿಗೆ ಆ ದ್ವೀಪದ ವೀಸಾ ಬೇಡ ಎನ್ನುವುದನ್ನೂ ಅವಳೇ ಹುಡುಕಿದ್ದಳು.

ನನ್ನ ಯಜಮಾನರು ಅಬುಧಾಬಿಯಾಚೆ, ದುಬೈಯಿಂದ ನಾಲ್ಕು ಗಂಟೆ ದಾರಿಯ ರುವೈಸ್‌ನಲ್ಲಿ ಟೆಕ್ನಿಷಿಯನ್. ವಾಸ ಅಲ್ಲಿನ ಕಂಪನಿ ಕ್ವಾರ್ಟರ್ಸ್‌ನಲ್ಲಿ, ಮನೆಗೆ ಬರುವುದು ವಾರಕ್ಕೊಮ್ಮೆ. ಅಂದು ಅವರೂ ನನ್ನ ಪಕ್ಕ ಕುಳಿತಿದ್ದರು.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ಚಿತ್ರಗಳು ಅರ್ಥವಾದವು. ಕಾಡಿನ ನಡುವೆ ಕೊತಕೊತ ಕುದಿಯುವ ಕೆರೆ. ಒಂದು ಬದಿಯಲ್ಲಿ ಶಾಂತ ಸಮುದ್ರ, ಇನ್ನೊಂದು ಬದಿಯಲ್ಲಿ ಅಟ್ಲಾಂಟಿಕ್. ಅಲ್ಲಿ ನೀರಿಗೆ ಇಳಿಯಬಾರದು. ಜೂನ್ ಬಂತೆಂದರೆ ಬಿರುಗಾಳಿಯ ಕಾಲ. ಕಣಿವೆಗಳಲ್ಲಿ ಫೋನ್ ಸಿಗುವುದಿಲ್ಲ. ಇಷ್ಟನ್ನೂ ಆ ಹುಡುಗಿ ನಗುನಗುತ್ತಲೇ ಹೇಳಿದಳು.

"ವೆಜ್ ಊಟ ಸಿಗುತ್ತಾ?" ಎಂದು ಮೈಸೂರಿನ ಹೆಂಗಸೊಬ್ಬರು ಕೇಳಿದರು.

"ಸಿಗದಿದ್ರೆ ಆಮೆ ಮೊಟ್ಟೆ ಉಂಟಲ್ಲ ಮಾರಾಯ್ರೆ," ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು.

ಆಗ ಯಜಮಾನರು ಎದ್ದು ನಿಂತು, ತಮಗೆ ಬರುವ ಇಂಗ್ಲಿಷಿನಲ್ಲಿ ಕೇಳಿದರು: ಏನಾದರೂ ಆದರೆ ಅಲ್ಲಿಂದ ಇಲ್ಲಿಗೆ ಮುಟ್ಟಲು ಎಷ್ಟು ಹೊತ್ತು?

ಇನ್ಶೂರೆನ್ಸ್ ಇದೆ, ಮಗಳನ್ನು ನಾವೇ ಜೋಪಾನವಾಗಿ ಕರೆತರುತ್ತೇವೆ ಎಂದಳು ಹುಡುಗಿ.

"ಅವಳಿಗಲ್ಲ. ಇಲ್ಲಿ, ನಮಗೆ ಏನಾದರೂ ಆದರೆ."

ಹಾಲ್‌ನಲ್ಲಿ ನಗು ನಿಂತಿತು. ಹುಡುಗಿ ನಕ್ಷೆಯೊಂದನ್ನು ಪರದೆಗೆ ತಂದಳು. ಸಣ್ಣ ವಿಮಾನದಲ್ಲಿ ಬಾರ್ಬಡೋಸ್, ಅಲ್ಲಿಂದ ಲಂಡನ್, ಆಮೇಲೆ ದುಬೈ. ಗಾಳಿ ಜೋರಿದ್ದರೆ ಸಣ್ಣ ವಿಮಾನ ಏಳುವುದಿಲ್ಲ; ಹಾಗಾಗಿ ಇಷ್ಟೇ ಹೊತ್ತು ಎಂದು ಹೇಳಲಾಗದು ಸರ್ ಎಂದಳು.

"ಪಪ್ಪಾ, ಪ್ಲೀಸ್. ಎಲ್ಲರೂ ನೋಡ್ತಾ ಇದ್ದಾರೆ," ಎಂದು ಮಗಳು ಅವರ ಅಂಗಿ ಎಳೆದಳು.

ಲಿಫ್ಟ್‌ನಲ್ಲಿ ನಾನು ಗದರಿದೆ. "ಎಂತ ಅಪಶಕುನದ ಮಾತು ಅದು?"

"ಗಲ್ಫಲ್ಲಿ ಇರುವವರು ಕೇಳದೆ ಮತ್ಯಾರು ಕೇಳ್ಬೇಕು?"

ಅವರ ತಂದೆ ತೀರಿಕೊಂಡಾಗ ಇವರು ಊರು ಮುಟ್ಟುವಷ್ಟರಲ್ಲಿ ಚಿತೆ ಆರಿತ್ತು. ಮುಖ ನೋಡಲು ಸಿಗಲಿಲ್ಲ. ಅದನ್ನು ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ಯಾರು ಎಷ್ಟು ದೂರ ಹೊರಟರೂ ಅವರ ಮನಸ್ಸು ಮೊದಲು ಹಿಂತಿರುಗುವ ದಾರಿಯನ್ನೇ ಅಳೆಯುತ್ತಿತ್ತು.

ಕೊನೆಗೆ ಒಪ್ಪಿದ್ದೂ ಅವರೇ. ಬಿರುಗಾಳಿಯ ಕಾಲಕ್ಕೆ ಮೊದಲು ಮರಳುವ ಹಾಗೆ, ಫೆಬ್ರವರಿಯಲ್ಲಿ ಮಗಳನ್ನು ಕಳಿಸಿದೆವು.

ಆಮೇಲೆ ರುವೈಸ್‌ನಿಂದ ಪ್ರತಿ ಸಂಜೆ ಫೋನ್. ಉಂಡೆಯಾ ಎಂದು ಕೇಳುವ ಮೊದಲೇ, "ಇವತ್ತು ಅಲ್ಲಿ ಗಾಳಿ ಉಂಟು. ಸಣ್ಣ ವಿಮಾನ ಹಾರ್ಲಿಕ್ಕಿಲ್ಲ," ಅನ್ನುತ್ತಿದ್ದರು.

"ಅವಳು ಬರುವುದು ಮೇ ತಿಂಗಳ ಕೊನೆಗೆ. ಇವತ್ತಿನ ವಿಮಾನ ನಿಮಗೆ ಎಂತಕ್ಕೆ?"

ಆ ಕಡೆಯಿಂದ ಬರಿಯ ಉಸಿರು ಕೇಳುತ್ತಿತ್ತು. ಆ ಉಸಿರಿನಲ್ಲಿ ಏನೋ ಭಾರವಿತ್ತೆಂದು ಈಗ ಅನಿಸುತ್ತದೆ. ಆಗಲೂ ಅನಿಸಿತ್ತೇ ಎಂದು ಹೇಳಲಾರೆ.

ಏಪ್ರಿಲ್‌ನ ಒಂದು ಬೆಳಿಗ್ಗೆ ಅವರು ಡ್ಯೂಟಿ ಬಸ್ಸಿಗೆ ಬರಲಿಲ್ಲ. ಪಕ್ಕದ ಕ್ವಾರ್ಟರ್ಸಿನವರು ಬಾಗಿಲು ತೆಗೆಸಿ, ನನಗೆ ಫೋನ್ ಮಾಡಿದರು. ಹೃದಯಾಘಾತ. ಮಲಗಿದಲ್ಲೇ ಹೋಗಿದ್ದರು.

ಮಗಳ ಫೋನ್ ತಾಗಲಿಲ್ಲ. ಅವಳು ಕಣಿವೆಯ ಯಾವುದೋ ಶಿಬಿರದಲ್ಲಿದ್ದಳು. ಮರುದಿನ ಅವಳೇ ಕರೆ ಮಾಡಿದಾಗ ವಿಷಯ ಹೇಳಿದೆ. "ಐ ಆಮ್ ಕಮಿಂಗ್," ಎಂದಳು. ಆದರೆ ಅಲ್ಲಿ ಗಾಳಿ ಎದ್ದಿತ್ತು. ಸಣ್ಣ ವಿಮಾನ ಆ ದಿನ ಏಳಲಿಲ್ಲ, ಅದರ ಮರುದಿನವೂ ಏಳಲಿಲ್ಲ.

ದುಬೈನ ರಾಸ್ ಅಲ್ ಖೋರ್‌ನಲ್ಲಿ ಗ್ಯಾರೇಜ್ ಇಟ್ಟಿರುವ ಮೈದುನ ಆಸ್ಪತ್ರೆ, ಪೊಲೀಸ್, ಕಾನ್ಸುಲೇಟ್ ಎಂದು ಓಡಾಡಿದ. "ಅತ್ತಿಗೆ, ಪೇಪರ್ ಕೆಲಸ ಎಲ್ಲ ಖಲಾಸ್. ನಾಳೆ ಮಂಗಳೂರು ಫ್ಲೈಟಲ್ಲಿ ಅಣ್ಣನನ್ನು ಕೊಂಡುಹೋಗ್ಲಿಕ್ಕೆ ಜಾಗ ಉಂಟು."

"ಅವಳು ಬರ್ಲಿ."

"ಅವಳು ಸೀದ ಊರಿಗೇ ಬರ್ಬಹುದಲ್ಲ?"

"ಊರಲ್ಲಿ ಯಾರು ಕಾಯ್ತಾರೆ? ಇಳಿಸಿದ ಕೂಡಲೇ ಎಲ್ಲರಿಗೂ ಸುಡುವ ಅವಸರ. ಅವಳು ಬರುವವರೆಗೆ ಅವರು ಇಲ್ಲೇ ಇರ್ಲಿ."

ಅವನೆದುರು ನಾನು ಯಾವತ್ತೂ ಎದುರುತ್ತರ ಕೊಟ್ಟವಳಲ್ಲ. ಅವನು ತಲೆ ತಗ್ಗಿಸಿಕೊಂಡು ಟಿಕೆಟ್ ಮುಂದಕ್ಕೆ ಹಾಕಿಸಲು ಹೋದ.

ಮಗಳು ಬಂದಳು. ಏರ್‌ಪೋರ್ಟಿನಿಂದ ನೇರ ಶವಾಗಾರಕ್ಕೆ ಕರೆದುಕೊಂಡು ಹೋದೆವು. ಅವಳು ತಂದೆಯ ಮುಖ ನೋಡಿದಳು, ಹಣೆಯ ಮೇಲೆ ಕೈಯಿಟ್ಟಳು. ಅಳಲಿಲ್ಲ. ಕಾರಿನಲ್ಲಿ ಕುಳಿತ ಮೇಲೆ, "ಅಮ್ಮ, ನಾನಿನ್ನು ಎಲ್ಲಿಗೂ ಹೋಗಲ್ಲ," ಎಂದಳು. ಆ ಮಾತಿನಿಂದ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಈಗ ನಾವಿಬ್ಬರೂ ಉಡುಪಿಯಲ್ಲಿದ್ದೇವೆ. ಮಗಳು ದೂರದ ಕಾಲೇಜಿನಲ್ಲಿ ಸಿಕ್ಕಿದ್ದ ಸೀಟು ಬಿಟ್ಟು, ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಕಾಲೇಜಿಗೆ ಸೇರಿದ್ದಾಳೆ. ನಾನು ಫೋನ್ ಎತ್ತಲಿಲ್ಲವೆಂದರೆ ಕ್ಲಾಸು ಬಿಟ್ಟು ಓಡಿ ಬರುತ್ತಾಳೆ. ಸ್ನಾನಕ್ಕೆ ಹೋದ ನಾನು ಸ್ವಲ್ಪ ತಡ ಮಾಡಿದರೆ ಬಾಗಿಲು ಬಡಿಯುತ್ತಾಳೆ. ನಾನು ನೀರು ನಿಲ್ಲಿಸಿ, ಇದ್ದೇನೆ ಮಗಾ ಎನ್ನುತ್ತೇನೆ.

ಆದರೂ ಬಾಗಿಲ ಹೊರಗಿಂದ ಅವಳ ಹೆಜ್ಜೆ ದೂರ ಸರಿಯುವ ಸದ್ದು ಮಾತ್ರ ಕೇಳಿಸುವುದಿಲ್ಲ.