ಮೊದಲ ತುತ್ತು ನಾಯಿಗೆ

ನಮ್ಮ ಮನೆಯಲ್ಲಿ ಆಷಾಢ ಏಕಾದಶಿಯಿಂದ ಚಂಪಾ ಷಷ್ಠಿಯವರೆಗೆ ಬದನೆಕಾಯಿ ಹೊಸ್ತಿಲು ದಾಟುವ ಹಾಗಿಲ್ಲ. ಉಳ್ಳಾಗಡ್ಡಿಯೂ ಅಷ್ಟೇ. ಮನೆದೇವರು ಖಂಡೋಬಾ. ಷಷ್ಠಿಯ ದಿನ ಅವನಿಗೆ ಸಜ್ಜೆ ರೊಟ್ಟಿ ಮತ್ತು ಸುಟ್ಟ ಬದನೆಕಾಯಿಯ ಭರೀತ ನೈವೇದ್ಯವಾಗಬೇಕು, ಆಮೇಲೆ ಅವನ ಜೊತೆಗಾರನಾದ ನಾಯಿ ಒಂದು ತುತ್ತು ತಿನ್ನಬೇಕು, ಅದಾದ ಮೇಲೆಯೇ ಮನುಷ್ಯರ ಸರದಿ. ಹೆಚ್ಚುಕಡಿಮೆ ಐದು ತಿಂಗಳು! ನಾನು ಮಂಗಳವೇಢೆಯ ಕಡೆಯವಳು, ನನ್ನ ತವರಿನಲ್ಲಿ ಬದನೆಕಾಯಿ ಇಲ್ಲದ ವಾರವೇ ಇರಲಿಲ್ಲ. ಹೆಣ್ಣು ನೋಡಲು ಬಂದಾಗ ಸೊಲ್ಲಾಪುರದ ಈ ಜನ ತಮ್ಮ ಮನೆತನದ ಬಗ್ಗೆ ಗಂಟೆಗಟ್ಟಲೆ ಹೇಳಿದ್ದರು, ಇದೊಂದನ್ನು ಮಾತ್ರ ನುಂಗಿಕೊಂಡಿದ್ದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಕಚೇರಿಯಲ್ಲಿ ಪಕ್ಕದ ಮೇಜಿನವಳ ಡಬ್ಬಿಯಿಂದ ನಾನು ಎಷ್ಟು ಸಲ ಎಣ್ಣೆಗಾಯಿ ಎತ್ತಿ ತಿಂದಿದ್ದೇನೆ ಎಂಬುದು ಖಂಡೋಬಾನಿಗೆ ಗೊತ್ತು. ಅತ್ತೆಗೆ ಗೊತ್ತಿಲ್ಲ.

ಮನೆಯಲ್ಲಿ ಅತ್ತೆ, ಟವೆಲು-ಚಾದರಿನ ಅಂಗಡಿ ನೋಡಿಕೊಳ್ಳುವ ಗಂಡ, ನಾನು, ಎರಡು ತುಂಬದ ಮಗಳು, ಮತ್ತು ನಾಯಿ. ನಾಯಿಗೆ ನಾವು ಮೂವರು ದೊಡ್ಡವರು ಮೂರು ಹೆಸರು ಇಟ್ಟಿದ್ದೆವು. ಯಾವುದಕ್ಕೂ ಅದು ಕಿವಿ ಎತ್ತಲಿಲ್ಲ. ಮಗಳು "ಭೂ" ಎಂದರೆ ಮಾತ್ರ ಎಲ್ಲಿದ್ದರೂ ಎದ್ದು ಬರುತ್ತಿತ್ತು.

ಅದು ನಮಗೆ ಸಿಕ್ಕಿದ್ದು ಅಕ್ಕಲಕೋಟೆಯಲ್ಲಿ. ಗಂಡನ ಅಕ್ಕನನ್ನು ಅಲ್ಲಿಗೆ ಕೊಟ್ಟಿದ್ದಾರೆ. ಮಗಳಿಗೆ ಮೊದಲ ಅನ್ನ ಉಣಿಸುವ ಉಷ್ಟಾವಣದ ಶಾಸ್ತ್ರವನ್ನು ನಾದಿನಿಯ ಮನೆಯಲ್ಲೇ ಇಟ್ಟುಕೊಂಡಿದ್ದೆವು. ಬೆಳ್ಳಿ ಬಟ್ಟಲಿನಿಂದ ಅತ್ತೆ ಒಂದು ಚಮಚ ಪಾಯಸ ಮಗುವಿನ ಬಾಯಿಗಿಟ್ಟರು. ಮಗು ಅದನ್ನು ಸ್ವಲ್ಪ ಹೊತ್ತು ಬಾಯಲ್ಲಿಟ್ಟುಕೊಂಡು ವಿಚಾರ ಮಾಡಿ, ಪೂರ್ತಿ ಹೊರಗೆ ಬಿಟ್ಟಿತು. ಅಂಗಳದಿಂದ ಎಲ್ಲಿಯದೋ ಒಂದು ಕಂದು ಮರಿ ಒಳಗೆ ನುಗ್ಗಿ, ಯಾರೂ ಹಚಾ ಎನ್ನುವುದರೊಳಗೆ ಆ ಪಾಯಸವನ್ನು ನೆಲದಿಂದಲೂ ಮಗುವಿನ ಗದ್ದದಿಂದಲೂ ನೆಕ್ಕಿ ಮುಗಿಸಿತು. ಮಗು ಹುಟ್ಟಿದಾಗಿನಿಂದ ಹಾಗೆ ನಕ್ಕಿರಲಿಲ್ಲ. ಸಂಜೆ ಸೊಲ್ಲಾಪುರಕ್ಕೆ ಹೊರಟಾಗ ಮರಿ ನಮ್ಮ ಟವೆಲಿನ ಚೀಲದಲ್ಲಿ ಮಲಗಿತ್ತು. ಯಾರು ಹಾಕಿದರೋ ಗೊತ್ತಿಲ್ಲ. ನಾನಂತೂ ಅಲ್ಲ ಎಂದು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಮರಿ ಒಂದು ವರ್ಷದಲ್ಲಿ ಕರುವಿನಷ್ಟು ಬೆಳೆಯಿತು. ನನ್ನ ಮೂರು ಜೊತೆ ಚಪ್ಪಲಿ, ಅಂಗಡಿಯ ಎರಡು ಹೊಸ ಚಾದರು, ಅತ್ತೆಯ ಜಪಮಾಲೆಯ ಚೀಲ, ಎಲ್ಲದರ ರುಚಿ ನೋಡಿತು. ಮಗಳು ಮಾತ್ರ ಬೆಳೆಯಲಿಲ್ಲ. ಡಾಕ್ಟರರ ತಕ್ಕಡಿಯ ಮೇಲೆ ಕೂರಿಸಿದಾಗಲೆಲ್ಲ ಮುಳ್ಳು ಹಿಂದಿನ ಸಲ ನಿಂತ ಕಡೆಯೇ ನಿಲ್ಲುತ್ತಿತ್ತು. "ಏನು ಉಣ್ಣಸ್ತೀರಿ?" ಎಂದು ಡಾಕ್ಟರು ಕೇಳಿದರೆ ಅತ್ತೆ ಅವಮಾನವಾದವರಂತೆ ಪಟ್ಟಿ ಹೇಳುತ್ತಿದ್ದರು. ತುಪ್ಪ ಹಾಕಿದ ಅನ್ನ, ಹೆಸರುಬೇಳೆ, ಹಾಲಿನಲ್ಲಿ ನೆನೆಸಿದ ಚಪಾತಿ. ಎಲ್ಲವೂ ನಿಜ. ತಾಟು ದಿನಕ್ಕೆ ಮೂರು ಸಲ ತುಂಬುತ್ತಿತ್ತು, ಮೂರು ಸಲವೂ ತೊಳೆದಿಟ್ಟಷ್ಟು ಸ್ವಚ್ಛವಾಗಿ ಮರಳುತ್ತಿತ್ತು.

ಅತ್ತೆ ಪತ್ತೇದಾರಿಕೆಗೆ ಇಳಿದರು. ಒಂದು ಭಾನುವಾರ ನನ್ನನ್ನೂ ಕೈ ಹಿಡಿದು ಎಳೆದುಕೊಂಡು ಬಾಗಿಲ ಪರದೆಯ ಹಿಂದೆ ನಿಂತರು. ಮಗಳು ತಾಟಿನ ಮುಂದೆ ಕೂತಿದ್ದಳು, ಎದುರಿಗೆ ನಾಯಿ. ಅವಳು ಒಂದು ತುತ್ತು ಬಾಯಿಗೆ ಹಾಕಿಕೊಂಡು, ಚೆನ್ನಾಗಿ ಅಗಿದು, ಹೊರಗೆ ತೆಗೆದು, ನಾಯಿಯ ಬಾಯಿಗೆ ಇಟ್ಟಳು. ಅದು ನುಂಗಿದ ಮೇಲೆ ಬಾಯಿ ತೆರೆಸಿ ಒಳಗೆ ಇಣುಕಿ ನೋಡಿ ತಲೆ ಸವರಿದಳು. ನಾವು ಅವಳಿಗೆ ಉಣಿಸುವಾಗ ಮಾಡುವುದನ್ನೆಲ್ಲ ಅವಳು ಒಂದನ್ನೂ ಬಿಡದೆ ಕಲಿತಿದ್ದಳು, ಉಣ್ಣುವುದೊಂದನ್ನು ಬಿಟ್ಟು.

ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ನಗಲಿಲ್ಲ.

"ಕೂಸು ಸೊರಗಾಕತ್ತೈತಿ, ನಾಯಿ ಕೊಬ್ಬಾಕತ್ತೈತಿ," ಎಂದರು ಅಂದು ಊಟದ ಹೊತ್ತಿಗೆ. "ಇಬ್ಬರೊಳಗ ಒಬ್ಬರು ಈ ಮನಿ ಬಿಡಬೇಕು. ಕೂಸಿಗಂತೂ ಬ್ಯಾರೆ ಮನಿ ಇಲ್ಲ."

ಗಂಡ ತಾಟಿನಿಂದ ತಲೆ ಎತ್ತದೆ, "ಅವ್ವಾ, ಉಣ್ಣೂಮುಂದ ಹೊರಗ ಕಟ್ಟಿ ಹಾಕಿದರ ಆತಲ್ಲ," ಎಂದರು.

ಕಟ್ಟಿ ನೋಡಿದೆವು. ನಾಯಿ ಹೊರಗೆ ಊಳಿಟ್ಟಿತು, ಮಗಳು ಒಳಗೆ ಊಳಿಟ್ಟಳು. ಎರಡು ದಿನ ಅವಳು ಬಾಯಿಯನ್ನೇ ತೆರೆಯಲಿಲ್ಲ. ಮೂರನೆಯ ದಿನ ಅತ್ತೆ ಅಕ್ಕಲಕೋಟೆಗೆ ಫೋನ್ ಮಾಡಿದರು. ನಾದಿನಿಯ ಮನೆಗೆ ದೊಡ್ಡ ಹಿತ್ತಲಿದೆ, ಅವಳು ಒಪ್ಪಿದಳು. "ಅದರ ತವರಮನಿ ಇಲ್ಲೇ ಐತಿ, ಕಳಸ್ರಿ," ಎಂದು ನಕ್ಕಳಂತೆ. ಅತ್ತೆ ಒಂದೇ ಒಂದು ಶರತ್ತು ಹಾಕಿದರು. ಷಷ್ಠಿಗೆ ಹದಿನೈದೇ ದಿನ ಉಳಿದಿತ್ತು, ದೇವರ ಹಬ್ಬದ ಮುಂದೆ ದೇವರ ನಾಯಿಯನ್ನು ಮನೆಯಿಂದ ಕಳಿಸಬಾರದು. ನಾದಿನಿ ಹಬ್ಬದ ಊಟಕ್ಕೆ ಬಂದು ಸಂಜೆ ಕರೆದುಕೊಂಡು ಹೋಗಲಿ. "ಎಂಟ ದಿನ ಅಳತಾಳ. ಆಮ್ಯಾಲ ಮರೀತಾಳ," ಎಂದರು ನನಗೆ.

ನಾನು ಅತ್ತೆಯ ಮಾತಿಗೆ ಎದುರು ಮಾತಾಡದ ದಿನ ಕಡಿಮೆ. ಆ ದಿನ ಮಾತಾಡಲಿಲ್ಲ. ಡಾಕ್ಟರರ ತಕ್ಕಡಿ ಅವರ ಕಡೆಗಿತ್ತು. ಆ ಹದಿನೈದು ದಿನ ನಾನು ನಾಯಿಗೆ ಎಂದಿಗಿಂತ ಜಾಸ್ತಿ ಬೈದೆ, ಬೈಯುತ್ತಲೇ ಅದರ ಕಿವಿ ತುರಿಸಿದೆ. ಅತ್ತೆಗೆ ಒಂದು ಚೂರೂ ದುಃಖವಿಲ್ಲವಲ್ಲ ಎಂದು ಉರಿಯಿತು. ಅವರು ಭರೀತಕ್ಕೆ ಎಂಥ ಬದನೆಕಾಯಿ ತರಬೇಕು, ಬೀಜ ಇರಬಾರದು, ತೊಟ್ಟು ಹಸಿರಿರಬೇಕು ಎಂದು ಮಗನಿಗೆ ಪಾಠ ಹೇಳುತ್ತಿದ್ದರು. ಕಲ್ಲಿನಂಥ ಹೆಂಗಸು ಎಂದುಕೊಂಡೆ.

ಹಬ್ಬದ ದಿನ ಏಳು ಗಂಟೆಗೆ, ಅತ್ತೆ ಸ್ನಾನಕ್ಕೆ ಹೋಗಿದ್ದಾಗ, ನಾನು ಎರಡು ಚಪಾತಿಯನ್ನು ಹಾಲಿನಲ್ಲಿ ಕಲಸಿ ಬೆಲ್ಲ ಹಾಕಿ ಹಿತ್ತಲಿಗೆ ಒಯ್ದೆ. ಇನ್ನು ಮುಂದೆ ಯಾರು ಕೊಡುತ್ತಾರೆ ಇದಕ್ಕೆ? ನಾಯಿ ನನ್ನ ಮುಖ ನೋಡುತ್ತ ನಿಧಾನವಾಗಿ ತಿಂದಿತು. ಯಾವಾಗಲೂ ಗಬಗಬ ನುಂಗುವ ಪ್ರಾಣಿ ಅಷ್ಟು ಸಾವಕಾಶ ತಿನ್ನುವುದನ್ನು ಕಂಡು, ಹೋಗುವುದು ಅದಕ್ಕೂ ಗೊತ್ತಾಗಿದೆ ಎಂದುಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡೆ.

ಹನ್ನೊಂದಕ್ಕೆ ನಾದಿನಿ ತಾನೇ ಕಾರು ಓಡಿಸಿಕೊಂಡು ಬಂದಳು, ಕೈಯಲ್ಲಿ ಹೊಸ ಸರಪಳಿ. ಮನೆಯೆಲ್ಲ ಸುಟ್ಟ ಬದನೆಕಾಯಿಯ ವಾಸನೆ. ಐದು ತಿಂಗಳ ಉಪವಾಸಿಗರಿಗೆ ಆ ವಾಸನೆ ಏನು ಮಾಡುತ್ತದೆ ಎಂಬುದನ್ನು ಉಪವಾಸ ಮಾಡಿದವರೇ ಬಲ್ಲರು, ಕದ್ದು ತಿಂದ ನನಗೇ ಬಾಯಿ ನೀರೂರುತ್ತಿತ್ತು. ಪೂಜೆಯಾಯಿತು. ಅರಿಶಿನದ ಭಂಡಾರ ಹಾರಿಸಿ, ಭಂಡಾರ-ಕೊಬ್ಬರಿ ಇಟ್ಟ ತಳಿಯ ತಾಟನ್ನು ಎಲ್ಲರೂ ಕೂಡಿ ಎತ್ತಿ, "ಯಳಕೋಟ ಯಳಕೋಟ ಜಯ ಮಲ್ಹಾರ" ಎಂದು ಕೂಗಿದೆವು. ದೇವರಿಗೆ ನೈವೇದ್ಯ ತೋರಿಸಿದ್ದಾಯಿತು. ಅತ್ತೆ ಒಂದು ಬಾಳೆಲೆಯ ತುಂಡಿನಲ್ಲಿ ರೊಟ್ಟಿ-ಭರೀತ ತಂದು ನಾಯಿಯ ಮುಂದಿಟ್ಟರು.

ನಾಯಿ ಮೂಸಿತು. ಅತ್ತೆಯನ್ನು ನೋಡಿತು. ಆಮೇಲೆ ಮುಖ ತಿರುಗಿಸಿ ಮಲಗಿತು.

ಗಂಡ ತುಪ್ಪ ಸುರಿದರು. ನಾದಿನಿ ಬೆಲ್ಲ ಉದುರಿಸಿದಳು. ನಾನು "ತಿನ್ನು, ರಾಜಾ, ತಿನ್ನು" ಎಂದೆ. ರಾಜಾ ಆಕಳಿಸಿತು.

"ಗಲ್ಲಿಯೊಳಗ ನಾಯಿಗೇನ ಬರಾ ಬಂದೈತಿ? ಚಲ್, ಹೊರಗಿಂದ ಒಂದಕ್ಕ ಹಾಕೂಣು," ಎಂದು ನಾದಿನಿ ಎಲೆ ಎತ್ತಿಕೊಂಡು ತಮ್ಮನೊಂದಿಗೆ ಬೀದಿಗಿಳಿದಳು. ಆದರೆ ಅವತ್ತು ಯಾವ ದಿನ ಎಂಬುದನ್ನು ಇಬ್ಬರೂ ಮರೆತಿದ್ದರು. ನಮ್ಮ ಗಲ್ಲಿಯಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಖಂಡೋಬಾನೇ ಮನೆದೇವರು, ನಮ್ಮಷ್ಟು ತಡವಾಗಿ ನೈವೇದ್ಯ ಮಾಡುವವರು ಯಾರೂ ಇಲ್ಲ. ಹನ್ನೆರಡರ ಹೊತ್ತಿಗೆ ಬೀದಿಯ ನಾಯಿಗಳೆಲ್ಲ ಮನೆಮನೆಯ ಭರೀತ ತಿಂದು, ಕಾಲು ಚಾಚಿ, ಬಿಸಿಲಿಗೆ ಹೊಟ್ಟೆ ಕೊಟ್ಟು ಬಿದ್ದಿದ್ದವು. ಮುಕ್ಕಾಲು ಗಂಟೆಯ ನಂತರ ಅಕ್ಕ-ತಮ್ಮ ಅದೇ ಎಲೆ ಹಿಡಿದುಕೊಂಡು ಮರಳಿದರು.

"ಪವರ್‌ಲೂಮಿನ ಶೆಡ್ಡಿನ ತನಕಾ ಹೋಗಿದ್ವಿ," ಎಂದರು ಗಂಡ. "ಒಂದು ಕರೇದು ಎದ್ದು ಬಂತು, ವಾಸನೀ ನೋಡ್ತು, ಹೊಳ್ಳಿ ಹೋಗಿ ಮಲಕೊಂತು."

ಮಗಳು ಹಸಿದು ರಂಪ ಮಾಡತೊಡಗಿದಳು. ಮಕ್ಕಳಿಗೆ ದೋಷವಿಲ್ಲ ಎಂದು ಅತ್ತೆ ಅವಳಿಗೆ ರೊಟ್ಟಿಯನ್ನು ತುಪ್ಪ-ಹಾಲಿನಲ್ಲಿ ಮಿದುವಾಗಿ ಕಲಸಿ ಕೊಟ್ಟರು. ಅವಳು ತಾಟು ಎಳೆದುಕೊಂಡು ಸೀದಾ ನಾಯಿಯ ಮುಂದೆ ಹೋಗಿ ಕೂತಳು, ಅಗಿದಳು, ಹೊರಗೆ ತೆಗೆದಳು, ಅದರ ಬಾಯಿಗೆ ಒತ್ತಿದಳು. ನಾಯಿ ಬಾಯಿ ಬಿಗಿ ಹಿಡಿಯಿತು. ಅವಳ ಕೈಯ ತುತ್ತನ್ನು ಅದು ಬೇಡವೆಂದದ್ದು ಅದೇ ಮೊದಲು. ಕಾಯಿಲೆ ಬಂದಿರಬೇಕು ಎಂದು ಓಡಿಹೋಗಿ ಹೊಟ್ಟೆ ಮುಟ್ಟಿದೆ. ಹಲಗೆಯ ಹಾಗೆ ಬಿಗಿದಿತ್ತು.

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ನಾನ ಮುಂಜಾನಿ ಎರಡು ಚಪಾತಿ ಹಾಕೀನಿ," ಎಂದೆ. "ಹಾಲಿನೊಳಗ."

ಗಂಡ ಗೋಡೆ ನೋಡುತ್ತ, "ನಾನೂ ಆರಕ್ಕ ಪಾವ್ ತಂದು ಹಾಕಿದ್ದೆ. ಆರು," ಎಂದರು. ಆಮೇಲೆ, "ಮತ್ತ ಒಂದು ಪುಡಾ ಬಿಸ್ಕೀಟು," ಎಂದರು.

ನಾದಿನಿ ಸರಪಳಿಯನ್ನು ಮಡಿಲಲ್ಲಿಟ್ಟುಕೊಂಡು ಬಿದ್ದು ಬಿದ್ದು ನಕ್ಕಳು. "ಭಲೇ! ಕಳಸವರು ನೀವು, ಅಳವರೂ ನೀವು!"

ಈ ಗದ್ದಲದಲ್ಲಿ ಮಗಳನ್ನು ಯಾರೂ ನೋಡಿರಲಿಲ್ಲ. ಅತ್ತೆ ಮಾತ್ರ ನೋಡುತ್ತಿದ್ದರು. ಅವಳು ಇನ್ನೂ ಎರಡು ಸಲ ನಾಯಿಯ ಬಾಯಿಗೆ ತುತ್ತು ಒತ್ತಿ, ಅದು ಒಪ್ಪದಿದ್ದಾಗ ತುತ್ತನ್ನು ತಿರುಗಿಸಿ ತಿರುಗಿಸಿ ನೋಡಿ, ಬೇರೆ ದಾರಿ ಕಾಣದೆ ತಾನೇ ನುಂಗಿದಳು. ಮತ್ತೊಂದು ನುಂಗಿದಳು. ನಾಯಿಯ ಹೊಟ್ಟೆಗೆ ಒರಗಿಕೊಂಡು, ನಮ್ಮ ಮಗಳು ಇಡೀ ತಾಟು ತಾನೇ ಖಾಲಿ ಮಾಡಿದಳು.

"ನೋಡಿದ್ರೆಲ್ಲ?" ಎಂದರು ಅತ್ತೆ, ಡಾಕ್ಟರರ ಧಾಟಿಯಲ್ಲಿ. "ನಾಳಿಂದ ಮೊದಲು ನಾಯಿಗೆ ಹೊಟ್ಟಿ ತುಂಬ ಹಾಕ್ರಿ, ಆಮ್ಯಾಲ ಕೂಸಿನ ತಾಟು ತರ್ರಿ. ನಾಯಿ ಇಲ್ಲೇ ಇರಲಿ. ಕೂಸಿನ ಸಲುವಾಗಿ ಹೇಳಾಕತ್ತೀನಿ, ಮತ್ತ್ಯಾಕೂ ಅಲ್ಲ."

ನನಗೆ ಕುಣಿಯುವಷ್ಟು ಖುಷಿಯಾಯಿತು. ನಾದಿನಿ ಸರಪಳಿಯನ್ನು ಚೀಲಕ್ಕೆ ತುರುಕಿದಳು. ಆದರೆ ಗಂಟೆ ಎರಡಾಗುತ್ತ ಬಂದಿತ್ತು, ಭರೀತ ಆರಿ ತಣ್ಣಗಾಗಿತ್ತು, ದೇವರ ನಾಯಿ ಇನ್ನೂ ತುತ್ತು ಮುಟ್ಟಿರಲಿಲ್ಲ. "ಇದು ಸಂಜೀ ತನಕಾ ತಿನ್ನೂದಿಲ್ಲ ಅವ್ವಾ," ಎಂದರು ಗಂಡ ಅಳುಮೋರೆ ಮಾಡಿ. "ನಾವು ಹಂಗ ಕುಂಡ್ರೂದೇನು?"

ಅತ್ತೆ ಎದ್ದು ತಾಟುಗಳನ್ನು ಹಾಕತೊಡಗಿದರು. ನಮ್ಮ ಕಡೆ ಬೆನ್ನು ಮಾಡಿಯೇ ಹೇಳಿದರು:

"ಕೂಡ್ರಿ ಊಟಕ್ಕ. ಅದರ ತುತ್ತು ಆಗೇತಿ."

"ಯಾವಾಗ?"

"ಮುಂಜಾನಿ ಐದಕ್ಕ. ಒಂದ ಬದನೀಕಾಯಿ ಮೊದಲ ಸುಟ್ಟಿದ್ದೆ. ಎರಡು ರೊಟ್ಟಿ ಮಾಡಿ, ಭರೀತ ಹಚ್ಚಿ, ನಾನ ತಿನಸೀನಿ."

ಐದು ತಿಂಗಳು ಅಡುಗೆಮನೆಯ ಕಾವಲು ಕಾದು, ಒಂದು ಉಳ್ಳಾಗಡ್ಡಿ ಸಿಪ್ಪೆ ಕಂಡರೂ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಕೇಳುವ ಹೆಂಗಸು ಅವರು.

"ಅವ್ವಾ!" ಎಂದಳು ನಾದಿನಿ. "ಪೂಜೀನೂ ಆಗಿದ್ದಿಲ್ಲ. ದೇವರಿಗಿಂತ ಮೊದಲ ಹಾಕಿದೇನು?"

ಅತ್ತೆ ತಿರುಗಿದರು. ಅವರ ಕಣ್ಣು ತುಂಬಿದ್ದನ್ನು ಮದುವೆಯಾದ ಇಷ್ಟು ವರ್ಷಗಳಲ್ಲಿ ಆವತ್ತೇ ನಾನು ನೋಡಿದ್ದು.

"ದೇವರು ಎಲ್ಲಿ ಹೋಗ್ತಾನವಾ? ಇಲ್ಲೇ ಜಗಲಿ ಮ್ಯಾಲೆ ಕುಂತಿರ್ತಾನ," ಎಂದರು. "ಅಕ್ಕಲಕೋಟಿಗೆ ಹೊಂಟಿದ್ದು ಇದು."