ಗ್ಯಾಸ್ ಬಿಡದ ಹುಡುಗಿ

ಮೊನ್ನೆ ಹೊಸಪೇಟೆ ಮಾರುಕಟ್ಟೆಯಲ್ಲಿ ಹಗ್ಗ, ಬಲೆ ಮಾರುವ ಅಂಗಡಿಯ ಮುಂದೆ ಲೈಫ್ ಜಾಕೆಟ್‌ಗಳು ತೂಗುಬಿದ್ದಿದ್ದವು. ಹತ್ತಿರ ಹೋಗಿ ಮೂಸಿ ನೋಡಿದೆ. ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು ಅಂಗಡಿಯವನು. ಹೊಸ ಜಾಕೆಟ್‌ಗೆ ಆ ವಾಸನೆ ಎಲ್ಲಿಂದ ಬರಬೇಕು... ಪೆಟ್ರೋಲ್, ಹೊಳೆಯ ಕೆಸರು, ಬೆವರು ಎಲ್ಲ ಕಲೆತ ಆ ವಾಸನೆ ನಮ್ಮ ಮಾಸ್ತರರದು.

ಡ್ಯಾಮಿನ ಹಿನ್ನೀರಿನಲ್ಲಿ ವಾಟರ್ ಸ್ಕೂಟರ್ ಓಡಿಸುವ ಕೆಲಸಕ್ಕೆ ಸೇರಿದಾಗ ನನಗೆ ಕಲಿಸಿದವರು ಅವರು. ಅದಕ್ಕೂ ಮೊದಲು ಕಂಪ್ಲಿಯ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದವರು. ಮೊದಲ ವಾರ ಸ್ಕೂಟರ್ ಮುಟ್ಟಲೂ ಬಿಡಲಿಲ್ಲ. ನನ್ನನ್ನು ಹರಿಗೋಲಿನಲ್ಲಿ ಕೂರಿಸಿ, ತಾವು ಸ್ಕೂಟರ್ ಹತ್ತಿ ಭರ್ರೆಂದು ಸುತ್ತು ಹೊಡೆಯುತ್ತಿದ್ದರು. ಅಲೆಗೆ ಹರಿಗೋಲು ಎದ್ದು ಬಿದ್ದು ನನ್ನ ಜೀವ ಬಾಯಿಗೆ ಬರುತ್ತಿತ್ತು.

"ಗೊತ್ತಾತೇನವಾ? ನಾವು ಮಸ್ತ್ ಮಜಾ ಮಾಡೂವಾಗ ಮೀನು ಹಿಡಿಯೋರಿಗೆ ಹಿಂಗಾಗತೈತಿ."

ಹಾಳಾದ ಮುದುಕ ಎಂದು ಮನಸ್ಸಿನಲ್ಲೇ ಬೈದಿದ್ದೇನೆ.

ಸ್ಕೂಟರ್ ಕೈಗೆ ಕೊಟ್ಟ ಮೇಲೆ, ನೀರಿಗೆ ಬಿದ್ದರೆ ಕಿತ್ತು ಬಂದು ಇಂಜಿನ್ ನಿಲ್ಲಿಸುವ ದಾರ ಮುಂಗೈಗೆ ಕಟ್ಟಿದ್ದೇನೆಯೋ ಇಲ್ಲವೋ ಎಂದು ತಾವೇ ಎಳೆದು ನೋಡುವರು. ಆಮೇಲೆ ದಿನವೂ ಒಂದೇ ಪಾಠ. ಈ ಗಾಡಿಗೆ ಬ್ರೇಕ್ ಇಲ್ಲ, ಗ್ಯಾಸ್ ಕೊಟ್ಟರಷ್ಟೇ, ಅಂದರೆ ಎಕ್ಸಲರೇಟರ್ ಹಿಡಿದೇ ಇದ್ದರಷ್ಟೇ, ಹ್ಯಾಂಡಲ್ ಮಾತು ಕೇಳುತ್ತದೆ. "ಹೆದರಿ ಗ್ಯಾಸ್ ಬಿಟ್ಟಿ ಅಂದ್ರ ಸೀದಾ ಹೋಗಿ ಬಡೀತೈತಿ. ಬಿಡಬ್ಯಾಡ, ತಿರುಗಿಸು."

ಒಂದು ಬೆಳಿಗ್ಗೆ ಒಬ್ಬಳೇ ಹೊರಟಿದ್ದೆ. ಬಂಡೆಯ ಮರೆಯಿಂದ, ಬಲೆ ಹಾಕುತ್ತಿದ್ದ ಹೆಂಗಸೊಬ್ಬಳ ಹರಿಗೋಲು ಎದುರಿಗೇ ಬಂತು. ನಾನು ಗ್ಯಾಸ್ ಬಿಟ್ಟುಬಿಟ್ಟೆ. ಹ್ಯಾಂಡಲ್ ತಿರುಗಿತು, ಗಾಡಿ ತಿರುಗಲಿಲ್ಲ. ಆಕೆಯೇ ಒಂದೇ ಏಟಿಗೆ ಹುಟ್ಟು ಹಾಕಿ ಹರಿಗೋಲನ್ನು ಗಿರ್ರನೆ ಪಕ್ಕಕ್ಕೆ ಎಳೆದುಕೊಂಡಳು. ಗೇಣು ದೂರದಲ್ಲಿ ದಾಟಿ ಹೋದೆ. "ಏ ಹುಡುಗಿ, ಕಣ್ಣು ಕಾಣಂಗಿಲ್ಲೇನ!" ಎಂದು ಆಕೆ ಕೂಗಿದ್ದು ಈಗಲೂ ಕಿವಿಯಲ್ಲಿದೆ.

ದಡದಲ್ಲಿದ್ದ ಮಾಸ್ತರರಿಗೆ ಅಷ್ಟು ದೂರದಿಂದ ಕಂಡದ್ದು, ನಾವಿಬ್ಬರೂ ಡಿಕ್ಕಿಯಾಗದೆ ಉಳಿದದ್ದು ಮಾತ್ರ. ನಾನು ದಡ ಸೇರುವ ಮೊದಲೇ ಅವರು ಮೊಣಕಾಲುದ್ದ ನೀರಿಗೆ ಇಳಿದು ಬಂದಿದ್ದರು. ನನ್ನ ತಲೆ ನೇವರಿಸಿ, ಸುತ್ತಲಿದ್ದವರಿಗೆ, "ನೋಡ್ರಿ, ನಮ್ಮ ಹುಡುಗಿ ಗ್ಯಾಸ್ ಬಿಡಲಿಲ್ಲ," ಎಂದರು.

ನಾನು ಮುಂಗೈಯ ದಾರ ಬಿಚ್ಚತೊಡಗಿದೆ. ಆಮೇಲೆ ಕಲಿಯಲು ಬಂದವರಿಗೆಲ್ಲ ಅದೇ ಕಥೆ, ಅದೇ ಹೆಮ್ಮೆ... ಇವತ್ತು ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದೆ. ಅವರ ಮುಖ ನೋಡಿದರೆ ಬಾಯಿ ಬರುತ್ತಿರಲಿಲ್ಲ.

ಹೋದ ವರ್ಷ ಮಾಸ್ತರರು ತೀರಿಕೊಂಡರು. ಈಗ ಕಲಿಸುವವಳು ನಾನು. ಹೊಸಬರು ಬಂದವರೇ, "ಅಕ್ಕಾರ, ಗ್ಯಾಸ್ ಬಿಡದ ಹುಡುಗಿ ನೀವ ಏನ್ರಿ?" ಎಂದು ಕೇಳುತ್ತಾರೆ. ಬಿಟ್ಟಿದ್ದೆ, ನನ್ನನ್ನು ಉಳಿಸಿದವಳು ಆ ಹೆಂಗಸು ಎಂದು ಅವರಿಗೆಲ್ಲ ಹೇಳುತ್ತೇನೆ. ಹೇಳಲೇಬೇಕಾಗಿದ್ದ ಒಬ್ಬರಿಗೆ ಮಾತ್ರ ಹೇಳಲಿಲ್ಲ.